ಬ್ಯಾಗನ್ನು ಬೈದದ್ದು ಸಾಕು

ಪತ್ರ: ಹದಿನಾಲ್ಕು ವರ್ಷದ ಮಗಳಿಗೆ ಮೂರು ವಾರದಿಂದ ಕತ್ತು, ಸೊಂಟ ನೋವು. ಬ್ಯಾಗಿನ ಭಾರ ಇಳಿಸಿದೆ, ಮೊಬೈಲ್ ಕಿತ್ತಿಟ್ಟೆ, ಬೆನ್ನು ನೆಟ್ಟಗಾಗಲೆಂದು ಬೆಲ್ಟ್ ತಂದೆ. ಗುಣ ಕಾಣಲಿಲ್ಲ. ಎಂಆರ್‌ಐ ಮಾಡಿಸಲೇ?
– ಒಬ್ಬ ತಾಯಿ

ಉತ್ತರ: ಅಮ್ಮಾ, ನಿಮ್ಮ ಕಾಳಜಿ ದೊಡ್ಡದು, ಆದರೆ ಬೈಗುಳ ಬಿದ್ದದ್ದು ಬಡಪಾಯಿ ಬ್ಯಾಗಿನ ಮೇಲೆ. ಭಾರ ಮಿತಿಯಲ್ಲಿರಲಿ, ಎರಡೂ ಪಟ್ಟಿ ಹೆಗಲೇರಲಿ, ಅಷ್ಟು ಸರಿ. ಆದರೆ ಬ್ಯಾಗಿನಿಂದಲೇ ಮಕ್ಕಳಿಗೆ ಬೆನ್ನು ನೋವು ಬರುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲವೆಂದು, ಹಲವು ಅಧ್ಯಯನಗಳನ್ನು ಜಾಲಾಡಿದ ವಿಮರ್ಶೆಯೊಂದು 2018ರಲ್ಲೇ 'ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್'ನಲ್ಲಿ ಬಂದಿದೆ.

ಈ ವಯಸ್ಸಿನ ಬಹುಪಾಲು ನೋವಿಗೆ ಎಲುಬಿನಲ್ಲಿ ಬೆರಳಿಟ್ಟು ತೋರಿಸುವಂಥ ದೋಷವೇ ಇರುವುದಿಲ್ಲ. ಅಲುಗಾಡದೆ ಕೂರುವುದು, ನಿದ್ದೆಗೆಡುವುದು, ಪರೀಕ್ಷೆಯ ಚಿಂತೆ ಸೇರಿಕೊಂಡು ನೋವನ್ನು ಬೆಳೆಸುತ್ತವೆ. ನೆಟ್ಟಗೇ ಕೂತರೂ ಎರಡು ಗಂಟೆ ಕೂತರೆ ಸ್ನಾಯು ದಣಿಯುತ್ತದೆ. ಆದ್ದರಿಂದ 'ನೆಟ್ಟಗೆ ಕೂತ್ಕೋ' ಎಂದು ಗದರುವುದನ್ನು ಬಿಟ್ಟು 'ಎದ್ದು ಓಡಾಡು' ಅನ್ನಿ. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಸಾಕು. ಬೆಲ್ಟ್ ಬಿಚ್ಚಿಡಿ. ನಿದ್ದೆ 8ರಿಂದ 10 ಗಂಟೆ ಇರಲಿ.

ಕತ್ತಿಗೆ: ಗೋಡೆಗೆ ಬೆನ್ನು ಕೊಟ್ಟು, ಗದ್ದವನ್ನು ನೇರ ಹಿಂದಕ್ಕೆ ಸರಿಸಿ 5 ಸೆಕೆಂಡ್ ಹಿಡಿದು ಬಿಡುವುದು, 10 ಸಲ. ಮಕ್ಕಳು ಸರಿಸುವ ಬದಲು ಗದ್ದವನ್ನು ಎದೆಗೆ ಇಳಿಸಿಬಿಡುತ್ತಾರೆ. ದೃಷ್ಟಿ ಎದುರಿಗೇ ಇದೆಯೇ ನೋಡಿಕೊಳ್ಳಿ. ಸೊಂಟಕ್ಕೆ: ಅಂಗಾತ ಮಲಗಿ ಮಂಡಿ ಮಡಚಿ, ಪೃಷ್ಠ ಬಿಗಿದು ಮೇಲೆತ್ತುವುದು, ಇದೂ 10 ಸಲ. ಪೃಷ್ಠವನ್ನು ಸಡಿಲ ಬಿಟ್ಟು ಸೊಂಟವನ್ನೇ ಬಿಲ್ಲಿನಂತೆ ಬಾಗಿಸಿದರೆ ಭಾರವೆಲ್ಲ ಅಲ್ಲಿಗೇ ಬಿದ್ದು ನೋವು ಹೆಚ್ಚೀತು.

ಎಂಆರ್‌ಐಗೆ ಅವಸರ ಬೇಡ. ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಜ್ವರ ಬಂದರೆ, ತೂಕ ಇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ. ಏನೂ ಇಲ್ಲದೆಯೂ ಆರು ವಾರ ದಾಟಿದರೆ ಒಮ್ಮೆ ಹೋಗಿ. ಜಿಮ್ನಾಸ್ಟಿಕ್ಸ್, ವೇಗದ ಬೌಲಿಂಗ್ ಮಾಡುವ ಮಕ್ಕಳಿಗೆ ಹಿಂದಕ್ಕೆ ಬಾಗಿದಾಗ ಸೊಂಟ ನೋಯುವುದಾದರೆ ಬೆನ್ನೆಲುಬಿನ ಕೆಳಭಾಗದ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಆಗ ಸ್ಕ್ಯಾನ್‌ಗೆ ಅರ್ಥವಿದೆ.

ಇನ್ನು ನನ್ನ ಹಳೆಯ ಜಗಳ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಶಾಲೆಗಳಲ್ಲಿ ಪರೀಕ್ಷೆ ಹತ್ತಿರವಾದಂತೆ ಮೊದಲು ಮಾಯವಾಗುವುದು ಆಟದ ಪೀರಿಯಡ್ಡೇ. ಗಣಿತದ ಮೇಷ್ಟ್ರು ಬಂದು ನಿಂತಿರುತ್ತಾರೆ. ಪೋಷಕರ ಸಭೆಯಲ್ಲಿ ಅಂಕದ ಬಗ್ಗೆ ಕೈಯೆತ್ತುವವರು ಇದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಮುಂದಿನ ಸಭೆಯಲ್ಲಿ ನೀವಾದರೂ ಕೇಳಿ: ಈ ತಿಂಗಳು ಎಷ್ಟು ಆಟದ ಪೀರಿಯಡ್ ನಡೆದವು?