ಕೊಲ್ಲಿಯ ನೀರುಕಾಗೆಯೂ ನಮ್ಮ ಅಳಿವೆಯ ನೀರುಕಾಗೆಯೂ

ಪ್ರಶ್ನೆ: ಬಹ್ರೇನ್‌ನಲ್ಲಿ ಉದ್ಯೋಗದಲ್ಲಿದ್ದಾಗ, ಕಪ್ಪು ಹಕ್ಕಿಗಳ ದೊಡ್ಡ ಹಿಂಡುಗಳು ಕಡಲ ನೀರಿಗೆ ತಾಗುವಷ್ಟು ಕೆಳಗೆ ಸಾಲಾಗಿ ಹಾರುವುದನ್ನು ನೋಡುತ್ತಿದ್ದೆ. ಸುವರ್ಣಾ ನದಿಯ ಅಳಿವೆಯಲ್ಲಿ ರೆಕ್ಕೆ ಬಿಚ್ಚಿ ಕೂರುವ ನೀರುಕಾಗೆಯೂ ಅದೇ ಹಕ್ಕಿಯೇ? ಕಡಲಿನದಕ್ಕೆ ಬೇರೆ ವರ್ಗವಿದೆಯೇ?
– ಓದುಗರೊಬ್ಬರು, ಕೆಮ್ಮಣ್ಣು, ಉಡುಪಿ

ಉತ್ತರ: ಅದೇ ಹಕ್ಕಿಯಲ್ಲ. ತಾವು ಕಂಡದ್ದು ಬಹುಮಟ್ಟಿಗೆ ಸೊಕೋಟ್ರಾ ನೀರುಕಾಗೆ, ಅಂದರೆ ಫ್ಯಾಲಕ್ರೊಕೊರ್ಯಾಕ್ಸ್ ನೈಗ್ರೊಗ್ಯುಲಾರಿಸ್. 1899ರಲ್ಲಿ ಓಗಿಲ್ವಿ-ಗ್ರಾಂಟ್ ಮತ್ತು ಫೋರ್ಬ್ಸ್ ಹೆಸರಿಸಿದ ಈ ಪ್ರಭೇದವು ಪರ್ಷಿಯನ್ ಕೊಲ್ಲಿ ಹಾಗೂ ಅರೇಬಿಯದ ಆಗ್ನೇಯ ತೀರದ ಸುತ್ತಮುತ್ತ ಮಾತ್ರ ಸಂತಾನಾಭಿವೃದ್ಧಿ ಮಾಡುತ್ತದೆ. ನಮ್ಮ ನೀರುಕಾಗೆಗಳು ಮರದ ಮೇಲೆ ಗೂಡು ಕಟ್ಟಿದರೆ, ಇದು ದ್ವೀಪಗಳ ಬರಿನೆಲದಲ್ಲಿ ಸಣ್ಣ ಗುಂಡಿ ಕೆದರಿ ಮೊಟ್ಟೆಯಿಡುತ್ತದೆ. ಬಹ್ರೇನ್‌ನ ಹವಾರ್ ದ್ವೀಪಗಳು ಇದರ ಅತಿ ದೊಡ್ಡ ನೆಲೆಗಳಲ್ಲೊಂದು.

ವರ್ಗದ ಪ್ರಶ್ನೆ ಇನ್ನೂ ಸ್ವಾರಸ್ಯಕರ. ಕಡಲಿನದು ಒಂದು ಗುಂಪು, ಹೊಳೆಯದು ಇನ್ನೊಂದು ಎಂದು ನಮಗೆ ತೋರುವುದು ಸಹಜವಾದರೂ ವಂಶಾವಳಿ ಹಾಗಿಲ್ಲ. ಅಳಿವೆಯಲ್ಲಿ ಕಾಣುವ ಭಾರತೀಯ ನೀರುಕಾಗೆ ಕೊಲ್ಲಿಯ ಹಕ್ಕಿಯ ಕುಲಕ್ಕೇ, ಅಂದರೆ ಫ್ಯಾಲಕ್ರೊಕೊರ್ಯಾಕ್ಸ್‌ಗೇ ಸೇರಿದ್ದು. ಕೆರೆ, ಗದ್ದೆ ಬದಿಯ ಹಳ್ಳಗಳಲ್ಲೂ ಸಿಗುವ ಪುಟ್ಟ ನೀರುಕಾಗೆಯೇ ದೂರದ ನೆಂಟ. ಈ ಕುಟುಂಬದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಮೈಕ್ರೊಕಾರ್ಬೊ ಕುಲ ಅದರದು. 1817ರಲ್ಲಿ ವಿಯೆಯೊ ವಿವರಿಸಿದ ಈ ಹಕ್ಕಿಯನ್ನು ಬಹುಕಾಲ ಉಳಿದವುಗಳ ಕುಲದಲ್ಲೇ ಇಡಲಾಗಿತ್ತು. ಹಳೆಯ ಕೈಪಿಡಿಗಳಲ್ಲಿ ಈಗಲೂ ಹಾಗೆಯೇ ಕಾಣುವುದರಿಂದ ಗೊಂದಲವಾಗುವುದುಂಟು.

ಗಣದ, ಅಂದರೆ ಹಲವು ಕುಟುಂಬಗಳು ಸೇರಿದ ದೊಡ್ಡ ಗುಂಪಿನ ಹೆಸರೂ ಬದಲಾಗಿದೆ. ನಾಲ್ಕೂ ಬೆರಳುಗಳನ್ನು ಜಾಲಪೊರೆ ಕೂಡಿಸುತ್ತದೆಂಬ ಕಾರಣಕ್ಕೆ ನೀರುಕಾಗೆಗಳನ್ನು ಹಿಂದೆ ಹೆಜ್ಜಾರ್ಲೆಯ ಗಣದಲ್ಲಿ ಸೇರಿಸಿದ್ದರು. 1758ರಲ್ಲಿ ಲಿನ್ನೇಯಸ್ ದೊಡ್ಡ ನೀರುಕಾಗೆಯನ್ನು ಹೆಜ್ಜಾರ್ಲೆಯ ಕುಲದಲ್ಲಿಯೇ ಇಟ್ಟಿದ್ದ. ಆದರೆ ಹೆಜ್ಜಾರ್ಲೆ ಬಕಪಕ್ಷಿಗಳಿಗೆ ಹತ್ತಿರದ್ದೆಂದು ಡಿಎನ್‌ಎ ಹೋಲಿಕೆಯಿಂದ ತಿಳಿದ ಬಳಿಕ, ನೀರುಕಾಗೆ, ಹಾವಕ್ಕಿ, ಹಾಗೂ ಬೂಬಿ, ಫ್ರಿಗೇಟ್ ಎಂಬ ಕಡಲಹಕ್ಕಿಗಳು ಸೂಲಿಫಾರ್ಮಿಸ್ ಎಂಬ ಪ್ರತ್ಯೇಕ ಗಣವಾದವು. ಪಾದವೊಂದನ್ನೇ ನಂಬಿ ನೆಂಟಸ್ತಿಕೆ ನಿರ್ಧರಿಸಿದ್ದು ಸ್ವಲ್ಪ ಅವಸರದ ತೀರ್ಮಾನವೇ ಆಗಿತ್ತೆನ್ನಬೇಕು.

ಸುವರ್ಣಾ ಅಳಿವೆಯಲ್ಲಿ ಎರಡನ್ನೂ ಬೇರೆಮಾಡಿ ಗುರುತಿಸಲು ಕೊಕ್ಕನ್ನು ನೋಡಿರಿ: ಪುಟ್ಟ ನೀರುಕಾಗೆ ಸುಮಾರು 50 ಸೆಂ.ಮೀ. ಉದ್ದವಿದ್ದು ಅದರ ಕೊಕ್ಕು ಗಿಡ್ಡ. ಭಾರತೀಯ ನೀರುಕಾಗೆ ಅದಕ್ಕಿಂತ ದೊಡ್ಡದು, ಕೊಕ್ಕು ಉದ್ದವಾಗಿ ಸಪೂರವಾಗಿರುತ್ತದೆ, ಹತ್ತಿರದಿಂದ ಕಂಡರೆ ಕಣ್ಣು ನೀಲಿ-ಹಸಿರು.