36 ನಿಮಿಷವನ್ನು ಊರಲ್ಲೇ ಬಿಟ್ಟು ಬರಬೇಡಿ

ನಮಸ್ಕಾರ ಮೇಡಂ. ಊರಿನ ಬಿ.ಎಡ್. ಕಾಲೇಜಿನಲ್ಲಿ ಎಂಟು ವರ್ಷ ಪಾಠ ಮಾಡಿ ಅಮೆರಿಕಕ್ಕೆ ಬಂದಿದ್ದೀರಿ. ಇಲ್ಲಿನ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೆ ಅರ್ಜಿ ಹಾಕುವಾಗ ‘ಟೀಚಿಂಗ್ ಫಿಲಾಸಫಿ’ ಅಂತ ಒಂದೆರಡು ಪುಟ ಕೇಳುತ್ತಾರೆ, ಅದರಲ್ಲಿ ಗಾಂಧೀಜಿ, ಟಾಗೋರ್, ಅಮೆರಿಕದ ಶಿಕ್ಷಣ ಚಿಂತಕ ಡ್ಯೂಯಿ ಎಲ್ಲರನ್ನೂ ತರಬೇಕೇ ಎಂದು ಕೇಳಿದ್ದೀರಿ.

ತರಬೇಡಿ. ತಂದರೆ ಅದು ಪರೀಕ್ಷೆಯ ಹತ್ತು ಅಂಕದ ಉತ್ತರದಂತೆ ಕಾಣುತ್ತದೆ. ಆಯ್ಕೆ ಸಮಿತಿಗೆ ಬೇಕಿರುವುದು, ನಾಳೆ ಶಿಕ್ಷಕರಾಗುವವರ ಎದುರು ನಿಂತಾಗ ನೀವು ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ, ಅದರಿಂದ ಅವರಲ್ಲಿ ಏನು ಬದಲಾಯಿತು ಎಂಬುದು. ‘ನಾನು’ ಎಂದೇ ಬರೆಯಿರಿ. ‘ಮಾಡಲಾಗುತ್ತದೆ’, ‘ನೀಡಲಾಗುತ್ತದೆ’ ಎಂಬ ನಮ್ಮ ಕಚೇರಿ ಭಾಷೆಯಲ್ಲಿ ಬರೆದರೆ ಆ ಕೆಲಸ ಮಾಡಿದವರು ಯಾರೆಂದೇ ತಿಳಿಯುವುದಿಲ್ಲ.

ಎಲ್ಲಿಂದ ಶುರು ಮಾಡಬೇಕೆಂದರೆ, ನಮ್ಮ ಕ್ಷೇತ್ರದ ಅಸಲಿ ತೊಡಕಿನಿಂದ. ವೈದ್ಯಕೀಯ ಓದಲು ಬಂದವರು ಶಸ್ತ್ರಚಿಕಿತ್ಸೆ ನೋಡಿರುವುದಿಲ್ಲ. ಶಿಕ್ಷಕರಾಗಲು ಬಂದವರು ಪಾಠ ನೋಡಿ ನೋಡಿ ದಣಿದಿರುತ್ತಾರೆ. ಶಾಲೆ ಮುಗಿಸುವ ಹೊತ್ತಿಗೆ ಅದು ಸುಮಾರು 13,000 ಗಂಟೆ ಎಂದು ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಲೆಕ್ಕ ಹಾಕಿದ್ದರು. ಆದರೆ ಬೆಂಚಿನಲ್ಲಿ ಕೂತವರಿಗೆ ಕಾಣುವುದು ಮೇಷ್ಟ್ರ ಮಾತು ಮಾತ್ರ. ಈ ಉದಾಹರಣೆಯನ್ನೇ ಯಾಕೆ ಆರಿಸಿದರು, ಆ ಹುಡುಗಿಯನ್ನೇ ಯಾಕೆ ಎಬ್ಬಿಸಿದರು ಎಂಬುದು ಕಾಣುವುದಿಲ್ಲ. ಹಾಗಾಗಿ ನಾವು ಎಷ್ಟು ಸಿದ್ಧಾಂತ ಹೇಳಿಕೊಟ್ಟರೂ, ತರಗತಿ ಗದ್ದಲವಾದ ಕೂಡಲೇ ಅವರು ತಮ್ಮ ಹಳೆಯ ಮೇಷ್ಟ್ರಂತೆಯೇ ಪಾಠ ಮಾಡತೊಡಗುತ್ತಾರೆ. ಇದನ್ನು ಮುರಿಯಲು ನೀವು ಏನು ಮಾಡುತ್ತೀರಿ? ನಿಮ್ಮ ಪುಟ ಇದಕ್ಕೆ ಉತ್ತರವಾಗಲಿ.

ಉತ್ತರ ನಿಮ್ಮ ಕೈಯಲ್ಲೇ ಇದೆ: ಅಣುಬೋಧನೆ, ಅಂದರೆ ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿಕೊಂಡು ಕೆಲವೇ ನಿಮಿಷದ ಪಾಠ ಮಾಡಿ ಅಭ್ಯಾಸ ಮಾಡುವ ‘ಮೈಕ್ರೋಟೀಚಿಂಗ್’. 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ್ದು ಇದು. ನಮ್ಮಲ್ಲಿ 36 ನಿಮಿಷದ ಚಕ್ರವಾಗಿ ನೆಲೆಯೂರಿತು. ಬೋಧನೆ 6, ಹಿಮ್ಮಾಹಿತಿ (ಫೀಡ್‌ಬ್ಯಾಕ್) 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಹೆಚ್ಚು ಸಮಯ ಮರುಯೋಜನೆಗೇ ಇಟ್ಟಿರುವುದನ್ನು ಗಮನಿಸಿ. ಕಲಿಕೆ ನಡೆಯುವುದು ಅಲ್ಲೇ, ಆದರೆ ನೂರು ಜನರ ತರಗತಿಯಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಬೋಧಿಸಿ, ಸಹಿ ಹಾಕಿಸಿ, ರೆಕಾರ್ಡ್ ಪುಸ್ತಕ ಮುಚ್ಚಿದರೆ ಅದು ಬರೀ ಪ್ರದರ್ಶನ.

ಇನ್ನೊಂದು ದೋಷ, ಮಕ್ಕಳ ಪಾತ್ರ ವಹಿಸುವ ಸಹಪಾಠಿಗಳು ಎಲ್ಲಕ್ಕೂ ಸರಿಯುತ್ತರ ಕೊಟ್ಟು ಸಹಾಯ ಮಾಡಿಬಿಡುವುದು. ಅವರ ಕೈಗೆ ಒಂದೊಂದು ಚೀಟಿ ಕೊಡಿ. ಒಂದರಲ್ಲಿ ‘1/2 + 1/3 = 2/5 ಎಂದೇ ಹಟ ಹಿಡಿ’ ಎಂದಿರಲಿ. ಪಾಠ ಮಾಡುವವರು ಅದನ್ನು ತಿದ್ದಬಾರದು. ‘ಹೇಗೆ ಬಂತು, ಚಿತ್ರ ಬರೆದು ತೋರಿಸು’ ಎನ್ನಬೇಕು. 2/5 ಅರ್ಧಕ್ಕಿಂತ ಕಡಿಮೆ, ಹಾಗಿದ್ದರೆ ಅರ್ಧಕ್ಕೆ ಏನೋ ಸೇರಿಸಿದಾಗ ಕಡಿಮೆಯಾಯಿತೇ ಎಂಬ ಗೊಂದಲ ಮಗುವಿಗೇ ಹೊಳೆಯಬೇಕು. ಇದನ್ನೆಲ್ಲ ಫೋನಿನಲ್ಲಿ ಚಿತ್ರೀಕರಿಸಿ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾದರು ಎಂದು ಪಾಠ ಮಾಡಿದವರೇ ಎಣಿಸಲಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಕಾಯುವುದಿಲ್ಲ, 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವ ಮಕ್ಕಳು ಕಡಿಮೆಯಾಗುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮರುಬೋಧನೆಗೆ ಒಂದೇ ಒಂದು ಬದಲಾವಣೆ ಸಾಕು. ಐದು ಹೇಳಿದರೆ ಒಂದೂ ಆಗುವುದಿಲ್ಲ.

ಇದನ್ನು ಇಲ್ಲಿ ಹಲವರು ‘ರಿಹರ್ಸಲ್’ ಎನ್ನುತ್ತಾರೆ. ಆ ಪದ ಬಳಸಿ, ಆದರೆ ಭಾರತದ ಚಕ್ರವೆಂದು ಹೇಳಲು ಸಂಕೋಚ ಬೇಡ.

ನಿಮ್ಮ ಇನ್ನೊಂದು ಬಂಡವಾಳ ಭಾಷೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಗು ಶಾಲೆಯಲ್ಲಿ ಕನ್ನಡದಲ್ಲಿ ಭಿನ್ನರಾಶಿ ಕಲಿಯುವುದು ನಮಗೆ ದಿನನಿತ್ಯದ ಸಂಗತಿ. ಇಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಗುವಿನ ಮುಂದೆ ಹೊಸ ಶಿಕ್ಷಕರು ತಡವರಿಸುವುದು ಅದೇ ಜಾಗದಲ್ಲಿ. ಇದಕ್ಕೊಂದು ಇಡೀ ಪ್ಯಾರಾ ಕೊಡಿ.

ಕೆಲಸ ಸಿಕ್ಕ ಮೇಲೆ ಎಡವುವ ಕಡೆಗಳೂ ಇವೆ. ನೋಟಿಸ್ ಬೋರ್ಡಿನಲ್ಲಿ ಹೆಸರು ಸಮೇತ ಅಂಕ ಹಾಕುವಂತಿಲ್ಲ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾನೂನಿನ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅಪ್ಪ-ಅಮ್ಮನಿಗೂ ಹೇಳುವಂತಿಲ್ಲ. ಶಾಲೆಯ ಮಕ್ಕಳನ್ನು ಚಿತ್ರೀಕರಿಸುವ ಮೊದಲು ಶಾಲೆಯ ಅನುಮತಿ ಬೇಕೇ ಬೇಕು. ವಿದ್ಯಾರ್ಥಿಗಳು ಹೆಸರು ಹಿಡಿದು ಕರೆದು ವಾದಿಸಿದರೆ ಅದನ್ನು ಅಗೌರವ ಎಂದುಕೊಳ್ಳಬೇಡಿ. ವಾದಿಸುವ ಪ್ರಶಿಕ್ಷಣಾರ್ಥಿಗೆ ತನ್ನ ತರಗತಿಯಲ್ಲಿ ವಾದಿಸುವ ಮಗುವನ್ನು ಸಹಿಸುವುದೂ ಸುಲಭ.

ಕರಡು ಮುಗಿದ ಮೇಲೆ ಕೆಂಪು ಪೆನ್ ಹಿಡಿದು, ಬೇರೆ ಯಾವ ಅರ್ಜಿದಾರರೂ ಬರೆಯಬಹುದಾದ ಪ್ರತಿ ವಾಕ್ಯವನ್ನೂ ಹೊಡೆದುಹಾಕಿ. ಉಳಿದದ್ದು ಅರ್ಧ ಪುಟವಾದರೂ ಸರಿ, ನನಗೆ ಕಳಿಸಿ, ಅಲ್ಲಿಂದ ಮುಂದೆ ನೋಡೋಣ.