ಗೇಮ್‌ಗಳನ್ನು ಅರ್ಧಕ್ಕೇ ಬಿಡುವವರು ಈ ಹವ್ಯಾಸವನ್ನೇ ಬಿಡಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಒಂದೆರಡು ಗಂಟೆ ಬಿಡುವು ಸಿಗುತ್ತದೆ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ನಲ್ಲಿ ಕೊಂಡ ಗೇಮ್‌ಗಳು ರಾಶಿ ಬಿದ್ದಿವೆ, ಹೆಚ್ಚಿನವು ಅರ್ಧಕ್ಕೇ ನಿಂತಿವೆ. ರಾಕ್ಷಸರ ಬೇಟೆಗಾರನ ಉದ್ದ ಕಥೆಯ ಗೇಮ್ ವಿಚರ್ 3 ಅನ್ನು ಎರಡು ಸಲ ಶುರು ಮಾಡಿ ಬಿಟ್ಟಿದ್ದೀರಿ. ಒಂದೊಂದಾಗಿ ಮುಗಿಸೋಣ ಅಂತ ಪಟ್ಟಿ ಮಾಡಿದ ಮೇಲಂತೂ ಆಡಲು ಕೂರುವ ಮನಸ್ಸೇ ಬರುತ್ತಿಲ್ಲ. ಇದು ನನಗೆ ಹೇಳಿಸಿದ್ದಲ್ಲವೇನೋ, ಬಿಟ್ಟುಬಿಡಲೇ ಅಂತ ಕೇಳಿದ್ದೀರಿ.

ಬಿಡಬೇಡಿ. ಆ ಪಟ್ಟಿಯನ್ನು ಅಳಿಸಿಹಾಕಿ. ದಿನವಿಡೀ ಗಡುವು, ಮೀಟಿಂಗು, ಬಾಕಿ ಕೆಲಸ ಅಂತ ದುಡಿದು ಬಂದವರ ಮುಂದೆ ರಾತ್ರಿ ಒಂಬತ್ತಕ್ಕೆ ಇನ್ನೊಂದು ಬಾಕಿ ಪಟ್ಟಿ ಇಟ್ಟರೆ ಮನಸ್ಸು ಮುದುಡಿಕೊಳ್ಳದೆ ಇನ್ನೇನಾಗುತ್ತದೆ? ನಿಮಗೆ ಬೇಸರ ಬಂದಿರುವುದು ಲೆಕ್ಕ ಇಡುವುದರ ಮೇಲೆ ಅಂತ ನನ್ನ ಬಲವಾದ ನಂಬಿಕೆ.

ನಾನು ರೆಡ್ ಡೆಡ್ ರಿಡೆಂಪ್ಷನ್ 2 ಹೇಗೆ ಆಡುತ್ತೇನೆ ಅಂತ ಹೇಳುತ್ತೇನೆ. 2018ರಲ್ಲಿ ಬಂದ ಗೇಮ್, 1899ರ ಅಮೆರಿಕದ ದರೋಡೆಕೋರರ ಕಥೆ. ನನ್ನ ಕಥೆ ಎರಡನೇ ಅಧ್ಯಾಯದಲ್ಲೇ ಇದೆ, ಬಹಳ ಕಾಲದಿಂದ. ವ್ಯಾಲೆಂಟೈನ್ ಅನ್ನುವ ಕೆಸರು ರಸ್ತೆಯ ಊರಿನಲ್ಲಿ ಗಾಳಕ್ಕೆ ಬ್ರೆಡ್ಡು, ಚೀಸು ಕೊಳ್ಳುತ್ತೇನೆ. ಕುದುರೆಯ ಮೈ ಉಜ್ಜಿ, ಹತ್ತಿ, ಡಕೋಟಾ ನದಿಯ ದಡಕ್ಕೆ ಇಳಿಯುತ್ತೇನೆ. ಗಾಳ ಎಸೆದು ಕಾಯಬೇಕು. ಮೊದಲು ಕಂಟ್ರೋಲರ್ ಕೈಯಲ್ಲಿ ಸಣ್ಣಗೆ ಮಿಡಿಯುತ್ತದೆ, ಆಗ ಅವಸರ ಮಾಡಬಾರದು. ಜೋರಾಗಿ ಅದುರಿದಾಗ ಎಳೆಯಬೇಕು. ಸಿಕ್ಕಿಬಿದ್ದ ಮೀನು ಒದ್ದಾಡುತ್ತಿರುವಾಗಲೇ ದಾರ ಸುತ್ತಲು ಹೋದರೆ ಹರಿದುಹೋಗುತ್ತದೆ. ಅದು ಸುಸ್ತಾಗುವ ತನಕ ಕಾದು, ಸ್ವಲ್ಪ ಸುತ್ತಿ, ಮತ್ತೆ ಕಾದು, ಹೀಗೆ ದಡಕ್ಕೆ ತರಬೇಕು. ತಂದ ಮೇಲೆ ಇಟ್ಟುಕೊಳ್ಳಲೂಬಹುದು, ವಾಪಸ್ ನೀರಿಗೆ ಬಿಡಲೂಬಹುದು. ನಾನು ಸಾಮಾನ್ಯವಾಗಿ ಬಿಡುತ್ತೇನೆ. ಅಷ್ಟಕ್ಕೆ ಒಂದು ಗಂಟೆ ಕಳೆದಿರುತ್ತದೆ, ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಿರುವುದಿಲ್ಲ, ನಾನು ನೆಮ್ಮದಿಯಾಗಿ ಮಲಗುತ್ತೇನೆ. ನೀರಿನ ಮೇಲಿನ ಬೆಳಕಿಗೆ, ಕುದುರೆಯ ಉಸಿರಿಗೆ ಅಷ್ಟು ಶ್ರಮ ಹಾಕಿದವರು ಆಟಗಾರ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ ಅಂತಲೇ ಹಾಕಿರುತ್ತಾರೆ. ಹಾಗೆ ನಿಂತವರು ಆ ಗೇಮನ್ನು ಪೂರ್ತಿ ಆಡಿದ ಹಾಗೇ ಅಂತ ನಾನು ಹೇಳುತ್ತೇನೆ.

ಮುಗಿಸಲೇಬೇಕು ಅನ್ನುವ ಈ ಒತ್ತಡ ಬಹಳ ಹಳೆಯದೂ ಅಲ್ಲ. 1980ರ ಪ್ಯಾಕ್‌ಮ್ಯಾನ್‌ಗೆ ಮುಕ್ತಾಯ ಅಂತಲೇ ಇರಲಿಲ್ಲ. 256ನೇ ಹಂತಕ್ಕೆ ಹೋದರೆ ಪ್ರೋಗ್ರಾಮಿನ ಎಣಿಕೆ ತಪ್ಪಿ ಅರ್ಧ ಪರದೆ ಕಲಸಿಹೋಗುತ್ತಿತ್ತು, ಅಷ್ಟೇ. ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್‌ನಲ್ಲಿ ಸೋಲುವ ತನಕ ಆಡುವುದೇ ಆಟ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುತ್ತಿದ್ದ ಕ್ಯಾಸೆಟ್ ಗೇಮ್ ನೆನಪಿದೆಯೇ? ಮಾರಿಯೋದಲ್ಲಿ 8 ಲೋಕ, 32 ಹಂತ, ಸೇವ್ ಮಾಡುವ ವ್ಯವಸ್ಥೆ ಇಲ್ಲ. ಕರೆಂಟ್ ಹೋದರೆ ಮೊದಲಿಂದ. ಬೇಸಿಗೆ ರಜೆ ಪೂರ್ತಿ ಆಡಿಯೂ ಕೊನೆಯಲ್ಲಿ ಸಿಗುವ ರಾಜಕುಮಾರಿಯ ಮುಖ ನೋಡದವರೇ ಜಾಸ್ತಿ. ಅವರಲ್ಲಿ ಒಬ್ಬರಾದರೂ ಆ ರಜೆ ದಂಡವಾಯಿತು ಅಂದದ್ದನ್ನು ನಾನು ಕೇಳಿಲ್ಲ.

ಆಮೇಲೆ 2005ರಲ್ಲಿ ಎಕ್ಸ್‌ಬಾಕ್ಸ್ 360 ಅನ್ನುವ ಗೇಮ್ ಯಂತ್ರದ ಜೊತೆ ಅಚೀವ್‌ಮೆಂಟ್‌ಗಳು, ಅಂದರೆ ಗೇಮಿನೊಳಗೆ ಇಂತಿಂಥದ್ದು ಮಾಡಿದ್ದಕ್ಕೆ ಸಿಗುವ ಬಿರುದುಗಳು ಬಂದವು, 2008ರಲ್ಲಿ ಪ್ಲೇಸ್ಟೇಷನ್ ಟ್ರೋಫಿಗಳು. ಪ್ರತಿ ಗೇಮಿನ ಪಕ್ಕದಲ್ಲೂ ಶೇಕಡಾವಾರು ಕೂತುಕೊಂಡಿತು. ಆಟಗಾರನ ತಲೆಯಲ್ಲಿ ಪರೀಕ್ಷೆಯ ಅಂಕಪಟ್ಟಿ ತೆರೆದುಕೊಂಡಿದ್ದು ಅಲ್ಲಿಂದ ಅಂತ ನನಗನ್ನಿಸುತ್ತದೆ. ಆದರೆ ಅದೇ ಅಂಕಿಗಳನ್ನು ಸರಿಯಾಗಿ ಓದಿದರೆ ಸಮಾಧಾನವೂ ಸಿಗುತ್ತದೆ. ಸ್ಟೀಮ್‌ನಲ್ಲಿ ನಿಮ್ಮ ಯಾವುದಾದರೂ ದೊಡ್ಡ ಕಥೆಯ ಗೇಮ್ ತೆರೆದು, ಕೊನೆಯ ಅಧ್ಯಾಯ ಮುಗಿಸಿದವರು ಶೇಕಡಾ ಎಷ್ಟು ಅಂತ ನೋಡಿ. ಹೆಚ್ಚಿನ ಕಡೆ ಅರ್ಧದಷ್ಟು ಜನವೂ ಇರುವುದಿಲ್ಲ.

ಗೇಮ್ ಮಾಡುವವರಿಗೂ ಇದು ಗೊತ್ತಿದೆ. 2017ರ ಜೆಲ್ಡಾ, ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ 900 ಕೊರಾಕ್ ಬೀಜಗಳನ್ನು ಅಡಗಿಸಿಟ್ಟಿದ್ದಾರೆ. ಸಾಮಾನು ಹೊರುವ ಜಾಗ ಪೂರ್ತಿ ಹಿಗ್ಗಿಸಿಕೊಳ್ಳಲು 441 ಸಾಕು. ಎಲ್ಲ 900 ಹುಡುಕಿದವರಿಗೆ ಸಿಗುವ ಬಹುಮಾನ ಸಗಣಿಯ ಮುದ್ದೆಯಂಥ ಆಕಾರದ ಒಂದು ಚಿನ್ನದ ಬಣ್ಣದ ವಸ್ತು, ಉಪಯೋಗ ಏನೂ ಇಲ್ಲ. ಯಾವ ದಾರಿ ಹಿಡಿದರೂ ಒಂದಲ್ಲ ಒಂದು ಕಣ್ಣಿಗೆ ಬೀಳಲಿ ಅಂತ ಅಷ್ಟು ಚೆಲ್ಲಿದ್ದಾರೆ. ಎಲ್ಲವನ್ನೂ ಆರಿಸಿಕೊಳ್ಳಿ ಅಂತ ಅಲ್ಲ.

ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕೆ ಹೋದವರೆಲ್ಲ ಬೆಳಗಿನ ಮಂಗಳದ ತನಕ ಕೂರುವುದಿಲ್ಲ. ಇಷ್ಟದ ಭಾಗವತರ ನಾಲ್ಕು ಪದ ಕೇಳಿ, ಬಣ್ಣದ ವೇಷದ ಪ್ರವೇಶ ನೋಡಿ, ಎದ್ದು ಮನೆಗೆ ಹೋಗುವವರಿದ್ದಾರೆ. ಮರುದಿನ ಅಂಗಡಿ ಕಟ್ಟೆಯಲ್ಲಿ ಆ ಪ್ರವೇಶದ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಮಾತಾಡುವವರೂ ಅವರೇ.

ಈಗ ವಿಚರ್ 3ರ ವಿಷಯ. ಮುಖ್ಯ ಕಥೆಯೊಂದೇ ಸುಮಾರು 50 ಗಂಟೆ ತಿನ್ನುತ್ತದೆ. ಅದನ್ನು ಮರೆತು, ಮೊದಲು ಬರುವ ವೈಟ್ ಆರ್ಚರ್ಡ್ ಅನ್ನುವ ಹಳ್ಳಿಯ ಭಾಗ ಒಂದನ್ನೇ ಒಂದು ಪೂರ್ತಿ ಗೇಮ್ ಅಂದುಕೊಂಡು ಆಡಿ. ಗ್ರಿಫಿನ್ ಅನ್ನುವ ರೆಕ್ಕೆಯ ಮೃಗದ ಬೇಟೆಗೆ ಮುಂಚೆ ಬೇಟೆಗಾರನ ಜೊತೆ ಅದರ ಗೂಡಿನ ಜಾಡು ಹಿಡಿಯುವುದು, ಮದ್ದು ಕೊಡುವ ಹೆಂಗಸು ಹೇಳಿದ ಗಿಡವನ್ನು ನದಿಯ ತಳಕ್ಕೆ ಮುಳುಗಿ ತರುವುದು, ಪಾಳು ಹಳ್ಳಿಯ ಬಾವಿ ಹತ್ತಿರ ಮಧ್ಯಾಹ್ನ ಕಾಣಿಸಿಕೊಳ್ಳುವ ಪ್ರೇತದ ಹಿಂದಿನ ಕಥೆ: ಕೆಲವು ಸಂಜೆಗಳಿಗೆ ಇದು ಧಾರಾಳ. ನೀವು ಎರಡು ಸಲ ಶುರು ಮಾಡಿದ್ದೀರಿ ಅಂದರೆ ಈ ಭಾಗವನ್ನು ಎರಡು ಸಲ ಅನುಭವಿಸಿದ್ದೀರಿ, ಅದು ಸುಮ್ಮನೆ ಹೋಗಿಲ್ಲ. ಮುಂದೆ ಹೋದರೆ ನಕ್ಷೆಯಲ್ಲಿ ಸ್ಕೆಲಿಗೆ ಅನ್ನುವ ದ್ವೀಪಗಳ ಸುತ್ತಲಿನ ಸಮುದ್ರದ ತುಂಬಾ ಪ್ರಶ್ನೆ ಚಿಹ್ನೆಗಳಿವೆ. ಹೆಚ್ಚಿನವು ಕಳ್ಳಸಾಗಣೆಯವರ ತೇಲುವ ಪೀಪಾಯಿಗಳು, ಒಂದು ನೋಡಿದರೆ ಎಲ್ಲ ನೋಡಿದ ಹಾಗೆ. 2022ರ ಡಿಸೆಂಬರಿನಲ್ಲಿ ಬಂದ ದೊಡ್ಡ ಅಪ್‌ಡೇಟ್‌ನಿಂದ ನಕ್ಷೆಯ ಫಿಲ್ಟರ್‌ನಲ್ಲೇ ಅವನ್ನು ಮರೆಮಾಡಬಹುದು. ದಯವಿಟ್ಟು ಮಾಡಿ, ಆ ಗೇಮಿನ ಮುಖವೇ ಬದಲಾಗುತ್ತದೆ.

ದುಡ್ಡು ಕೊಟ್ಟಿದ್ದೇನಲ್ಲ ಅನ್ನುವ ಕೊರಗು ನಿಜವಾದದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆದ್ದರಿಂದ ಕೊಂಡ ವಾರವೇ ಒಂದು ಗಂಟೆ ಆಡಿ ನೋಡಿ. ಹಳೆಯವುಗಳ ದುಡ್ಡು ಹೋಗಿದೆ, ಇನ್ನು 40 ಗಂಟೆ ಬೇಸರದಿಂದ ಆಡಿದರೆ ಅದು ಮರಳಿ ಬರುವುದಿಲ್ಲ, ನಿಮ್ಮ ರಾತ್ರಿಗಳೂ ಹೋಗುತ್ತವೆ. ಅವನ್ನು ಲೈಬ್ರರಿಯಲ್ಲಿ ಹೈಡ್ ಮಾಡಿ, ಬೇಕಾದಾಗ ತೆಗೆಯಬಹುದು. ಯಾವುದೋ ಒಬ್ಬ ಬಾಸ್, ಅಂದರೆ ಸೋಲಿಸಲು ಕಷ್ಟವಾದ ದೊಡ್ಡ ಶತ್ರುವಿನ ಹತ್ತಿರ ಸಿಕ್ಕಿಕೊಂಡಿದ್ದರೆ ಮಾತ್ರ ಬಿಡುವ ಮುಂಚೆ ಕಷ್ಟದ ಮಟ್ಟವನ್ನು ಸುಲಭಕ್ಕೆ ಇಳಿಸಿ ನೋಡಿ. ಗೇಮ್ ಬೇಸರವಾಗಿದೆಯೋ, ಆ ಒಂದು ಜಾಗ ಬೇಸರವಾಗಿದೆಯೋ ಅಂತ ಆಗ ಗೊತ್ತಾಗುತ್ತದೆ.

ಕೊನೆ ತನಕ ಆಡಿದರೇ ಚೆಂದ ಅನ್ನುವ ಗೇಮ್‌ಗಳೂ ಖಂಡಿತ ಇವೆ. 2019ರ ಔಟರ್ ವೈಲ್ಡ್ಸ್‌ನಲ್ಲಿ 22 ನಿಮಿಷಕ್ಕೊಮ್ಮೆ ಎಲ್ಲ ಮತ್ತೆ ಮೊದಲಿಂದ ಶುರುವಾಗುತ್ತದೆ. ನಿಮ್ಮ ಜೊತೆ ಉಳಿಯುವುದು ತಿಳಿದುಕೊಂಡದ್ದು ಮಾತ್ರ. ಅಲ್ಲಿ ತಿಂಗಳುಗಟ್ಟಲೆ ಬಿಟ್ಟು ಬಂದರೆ ಎಳೆ ತಪ್ಪುತ್ತದೆ, ಆ ಕೊನೆಯನ್ನು ಕಳೆದುಕೊಳ್ಳುವುದು ನಿಜವಾದ ನಷ್ಟ. ಅದನ್ನು ನಾಲ್ಕು ದಿನ ರಜೆ ಒಟ್ಟಿಗೆ ಸಿಕ್ಕಾಗ ಹಿಡಿಯಿರಿ. ಸದ್ಯಕ್ಕೆ ಮುಗಿಸಿದ ಖುಷಿ ಬೇಕೇಬೇಕು ಅನ್ನಿಸಿದರೆ 2012ರ ಜರ್ನಿ ಇದೆ. ಹೆಚ್ಚುಕಡಿಮೆ 2 ಗಂಟೆಯ ಆಟ, ಮರಳುಗಾಡಿನಿಂದ ಬೆಟ್ಟದ ತುದಿಗೆ ಒಂದು ನಡಿಗೆ. ಶನಿವಾರ ರಾತ್ರಿ ಊಟ ಮುಗಿಸಿ, ಫೋನ್ ಬೇರೆ ಕೋಣೆಯಲ್ಲಿಟ್ಟು, ಹೆಡ್‌ಫೋನ್ ಹಾಕಿಕೊಂಡು ಒಂದೇ ಕೂತಿಗೆ ಆಡಿ.